ಅತ್ತಿಗೆಯ ಮಡಿಲ ಗಿಟಾರು

ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬೆರಳುದ್ದದ ಒಂದು ಉಕ್ಕಿನ ಕಂಬಿ ಇದೆ. ಮೊನ್ನೆ ಯಂತ್ರದ ರಿಪೇರಿಗೆ ಬಂದವನು ಅದನ್ನು ಕೈಗೆತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಭಾಗ, ಎಲ್ಲಿಂದ ಕಳಚಿ ಬಿತ್ತು ಎಂದು ಕೇಳಿದ. ಎಲ್ಲಿಂದಲೂ ಬಿದ್ದಿಲ್ಲಪ್ಪ, ಅದು ಗಿಟಾರಿನದು ಎಂದೆ. ಅವನು ನನ್ನನ್ನೂ ಕಂಬಿಯನ್ನೂ ಒಮ್ಮೆ ನೋಡಿ, ವಯಸ್ಸಾದವರ ಮಾತಿಗೆ ಎದುರಾಡಬಾರದೆಂಬ ಸೌಜನ್ಯದಿಂದ ಅದನ್ನು ಮೆಲ್ಲಗೆ ಇದ್ದ ಕಡೆಯೇ ಇಟ್ಟ. ಅವನದೇನೂ ತಪ್ಪಿಲ್ಲ. ಗಿಟಾರು ಎಂದರೆ ಈಗಿನವರ ಕಣ್ಣಿಗೆ ಬರುವುದು ಹೆಗಲಿಗೆ ಪಟ್ಟಿ ಹಾಕಿಕೊಂಡು, ನಿಂತು, ತಲೆ ಕುಣಿಸುವವರ ಚಿತ್ರ. ನಾನು ಹೇಳುವ ಗಿಟಾರು ನಿಲ್ಲುವುದೂ ಇಲ್ಲ, ಕುಣಿಯುವುದೂ ಇಲ್ಲ. ಅದು ಮಡಿಲಲ್ಲಿ ಅಂಗಾತ ಮಲಗಿರುತ್ತದೆ, ಎಣ್ಣೆ ನೀರಿಗೆಂದು ಕಾಲ ಮೇಲೆ ಹಾಕಿಕೊಂಡ ಮಗುವಿನ ಹಾಗೆ.

ನಮ್ಮ ಕಡೆ ಅದನ್ನು ಹವಾಯಿ ಗಿಟಾರು ಎನ್ನುತ್ತಿದ್ದರು. ಹವಾಯಿ ಎಂಬುದು ದ್ವೀಪಗಳ ಹೆಸರೆಂದು ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದ ನಾನೇ, ಬಹಳ ಕಾಲ ಅದು ಹವಾಯಿ ಚಪ್ಪಲಿ ಮಾಡುವವರೇ ಮಾಡಿದ ಗಿಟಾರೆಂದು ನಂಬಿದ್ದೆ. ನಕ್ಕುಬಿಡಿ, ಪರವಾಗಿಲ್ಲ. ಅದರ ತಂತಿಗಳು ಹಲಗೆಯಿಂದ ಬಹಳ ಎತ್ತರದಲ್ಲಿರುತ್ತವೆ. ಬೆರಳಿನಿಂದ ಒತ್ತುವ ಹಾಗಿಲ್ಲ. ಬಲಗೈ ಬೆರಳುಗಳಿಗೆ ಉಗುರಿನಂಥ ತಗಡು ತೊಟ್ಟು ಮೀಟಬೇಕು, ಎಡಗೈಯಲ್ಲಿ ಈ ಕಂಬಿ ಹಿಡಿದು ತಂತಿಗಳ ಮೇಲೆ ಜಾರಿಸಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲುಗಳಿಲ್ಲ, ನುಣ್ಣನೆಯ ಜಾರು ಅಷ್ಟೆ. ಮನುಷ್ಯರ ಗಂಟಲೂ ಹಾಗೆಯೇ ಅಲ್ಲವೇ? ಈ ಕಂಬಿ ನನ್ನ ಪಾಲಿಗೆ ಬಂದದ್ದು ಅತ್ತಿಗೆ ಇನ್ನಷ್ಟು ತೂಕದ ಬೇರೊಂದನ್ನು ತರಿಸಿಕೊಂಡಾಗ. ರವಿಕೆಯ ಮಡಿಕೆ ಒತ್ತುವುದಕ್ಕೆ ಬಹಳ ಚೆನ್ನಾಗಿದೆ ಎಂದು ಇಟ್ಟುಕೊಂಡಿದ್ದೇನೆ. ಸಂಗೀತದಲ್ಲಿ ನನ್ನ ಯೋಗ್ಯತೆ ಅಷ್ಟೇ.

ಅತ್ತಿಗೆ ಗೌರಮ್ಮಣ್ಣಿ ಯಳಂದೂರಿಗೆ ಅಂಟಿಕೊಂಡ ಮಾಂಬಳ್ಳಿಯವಳು. ನಮ್ಮದು ಕೊಳ್ಳೇಗಾಲ, ಅಪ್ಪನದು ರೇಷ್ಮೆ ನೂಲಿನ ಅಂಗಡಿ, ಅಪ್ಪ ತೀರಿಕೊಂಡ ಮೇಲೆ ಅಣ್ಣ ಶಿವಮಲ್ಲಪ್ಪನದು. ಮದುವೆಯ ಮಾತುಕತೆ ನಡೆದಾಗ ಕೊಳ್ಳೇಗಾಲ ಇನ್ನೂ ಮದ್ರಾಸು ರಾಜ್ಯದಲ್ಲಿತ್ತು, ಮಾಂಬಳ್ಳಿ ಮೈಸೂರಿನಲ್ಲಿತ್ತು. ನಡುವೆ ಎತ್ತಿನ ಗಾಡಿಯ ದಾರಿ ಅಷ್ಟೇ ಆದರೂ, ಹೆಣ್ಣಿನ ಕಡೆಯ ಹಿರಿಯರೊಬ್ಬರು ಮಗಳನ್ನು ಹೊರರಾಜ್ಯಕ್ಕೆ ಕೊಡುವುದೇ ಎಂದು ಎರಡು ಸಲ ಎದ್ದು ಹೋಗಿದ್ದರಂತೆ. ನಿಶ್ಚಿತಾರ್ಥವಾಗಿ ಮಳೆಗಾಲ ಕಳೆಯುವಷ್ಟರಲ್ಲಿ ಐವತ್ತಾರರ ನವೆಂಬರು ಬಂತು, ಕೊಳ್ಳೇಗಾಲವೇ ಎದ್ದು ಮೈಸೂರಿಗೆ ಸೇರಿತು. ಅತ್ತಿಗೆ ಮದುಮಗಳಾಗಿ ಬಂದಾಗ ಅವ್ವ ಹೇಳುತ್ತಿದ್ದುದು, ಈ ಹುಡುಗಿ ನಮ್ಮ ಮನೆಗೆ ಬರಲಿಲ್ಲ, ನಮ್ಮ ಊರನ್ನೇ ತನ್ನ ಕಡೆಗೆ ಎಳೆದುಕೊಂಡಳು ಎಂದು. ಅದು ಹೊಗಳಿಕೆಯೋ ದೂರೋ ಅವ್ವನ ಮುಖ ನೋಡಿ ಹೇಳಲು ಯಾರಿಗೂ ಆಗುತ್ತಿರಲಿಲ್ಲ.

ಅಣ್ಣ ಅವಳನ್ನು ಮೆಚ್ಚಿದ್ದು ಕಣ್ಣಿನಿಂದಲ್ಲ. ಮುಳ್ಳೂರಿನಲ್ಲಿ ನೆಂಟರೊಬ್ಬರ ಮದುವೆ. ಅಣ್ಣ ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುತ್ತಿದ್ದ. ಚಪ್ಪರದ ಆಚೆ ಹೆಂಗಸರು ಸೋಬಾನೆ ಹಾಡುತ್ತಿದ್ದರು. ಒಬ್ಬಳ ದನಿ ಎಲ್ಲರ ದನಿಗೂ ಮೇಲೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಮತ್ತೆ ಕೆಳಗಿಳಿದು ಗುಂಪಿನಲ್ಲಿ ಸೇರಿಕೊಂಡಿತು. ಅಣ್ಣ ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟ. ಎಲೆ ತುಂಬಿ, ಮಜ್ಜಿಗೆ ಉಣ್ಣುವವರ ಪಂಚೆಗೆ ಹರಿಯಿತು. ಆ ಪಂಚೆಯವರು ಬೈದದ್ದೂ ಅವನಿಗೆ ಕೇಳಿಸಲಿಲ್ಲ ಎಂದು ನೋಡಿದವರು ಹೇಳುತ್ತಾರೆ. ಮಾತೆಂದರೆ ಒಂದೊಂದನ್ನೇ ಎಣಿಸಿ ಕೊಡುವ ಮನುಷ್ಯ ಅವನು. ಅವತ್ತು ಮನೆಗೆ ಬಂದು ಅವ್ವನ ಹತ್ತಿರ, ಮದುವೆಯಾದರೆ ಆ ಹಾಡಿದವಳನ್ನು ಎಂದಷ್ಟೇ ಹೇಳಿದ. ಯಾರು, ಯಾರ ಮಗಳು, ಕಪ್ಪೋ ಬಿಳುಪೋ ಒಂದೂ ಗೊತ್ತಿಲ್ಲ.

ಮದುವೆಯಾದ ಮೇಲೆ ಪ್ರತಿ ಸಂಜೆ ದೀಪ ಹಚ್ಚಿ ವಿಭೂತಿ ಇಟ್ಟುಕೊಂಡು ಅತ್ತಿಗೆ ನಡುಮನೆಯಲ್ಲಿ ಕೂತು ಹಾಡುವಳು. ವಚನಗಳು, ಮಾದಪ್ಪನ ಮೇಲಿನ ಪದಗಳು, ಅವಳ ಊರಿನ ಬೀಸುವ ಪದಗಳು. ಯಾರ ಹತ್ತಿರವೂ ಕಲಿತದ್ದಲ್ಲ. ಅಣ್ಣ ಅಂಗಡಿಯಿಂದ ಬಂದು ಜಗಲಿಯ ಮೇಲೆ ಕೂತು ಕೇಳುವನು, ಹಾಡು ಮುಗಿದ ಮೇಲೆ ಒಳಗೆ ಬರುವನು. ಚೆನ್ನಾಗಿದೆ ಎಂದು ಒಂದು ದಿನವೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಿತ್ತು. ನಾನು ಆಗ ಹೈಸ್ಕೂಲು, ಆಮೇಲೆ ಟೀಚರ್ ಟ್ರೈನಿಂಗು, ಆಮೇಲೆ ಯಳಂದೂರಿನ ಶಾಲೆಯಲ್ಲಿ ಕೆಲಸ. ದಿನಾ ಬಸ್ಸಿನಲ್ಲಿ ಓಡಾಟ. ಬಸ್ಸಿನ ಧೂಳು ತೊಳೆದು ಕೂರುವ ಹೊತ್ತಿಗೆ ಸರಿಯಾಗಿ ಆ ಹಾಡು. ಹೊಸಬರು ಮನೆಗೆ ಬಂದರೆ, ನಿಮ್ಮನೇಲಿ ರೇಡಿಯೋ ತಂದಿರಾ ಎಂದು ಕೇಳುವರು. ಅವ್ವ, ತಂದಿದ್ದೀವಿ, ಮಾಂಬಳ್ಳಿಯದು, ಎನ್ನುವಳು.

ಅವಳ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡದ್ದು ಮದುವೆಯಾಗಿ ಕೆಲವು ವರ್ಷಗಳ ಮೇಲೆ. ಮೊದಮೊದಲು ನಿಂಬೆಹಣ್ಣಿನಷ್ಟು. ಸೆರಗು ಹೊದ್ದರೆ ಕಾಣುತ್ತಿರಲಿಲ್ಲ. ಗಂಧ ಅರೆದು ಹಚ್ಚಿದರು, ಬೆಟ್ಟದ ಬೇರು ಕಟ್ಟಿದರು, ಉಪ್ಪು ಕಾಯಿಸಿ ಶಾಖ ಕೊಟ್ಟರು. ಅದು ನಿಧಾನವಾಗಿ ದೊಡ್ಡದಾಗಿ, ಮಲಗಿದರೆ ಉಸಿರು ಸಿಕ್ಕುವ ಹಾಗಾಯಿತು. ಗೋಡೆಗೊರಗಿ ಕೂತೇ ನಿದ್ದೆ ಮಾಡುವಳು. ಕೊನೆಗೆ ಮೈಸೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಒಳ್ಳೆಯವರು, ಮುಚ್ಚುಮರೆ ಇಲ್ಲದೆ ಹೇಳಿದರು: ಗಡ್ಡೆ ತೆಗೆಯದಿದ್ದರೆ ಒಂದು ದಿನ ಉಸಿರು ಕಟ್ಟುತ್ತದೆ, ತೆಗೆಯುವಾಗ, ದನಿಯ ನರ ಅದಕ್ಕೆ ಅಂಟಿಕೊಂಡೇ ಹೋಗುವುದರಿಂದ, ದನಿ ಹೋದರೂ ಹೋಗಬಹುದು.

ಅತ್ತಿಗೆ ಒಪ್ಪಲಿಲ್ಲ. ಉಸಿರಿರುವವರೆಗೆ ಹಾಡಿಕೊಂಡಿರುತ್ತೇನೆ, ಊರಿಗೆ ಹೋಗೋಣ ಎಂದು ಸೀರೆ ಮಡಿಸಿಕೊಂಡು ಹೊರಟೇಬಿಟ್ಟಳು. ಆಸ್ಪತ್ರೆಯ ವರಾಂಡದಲ್ಲಿ ಅಣ್ಣ ಅವಳ ಎದುರು ನಿಂತ. ಅವನು ಅವಳ ಕೈ ಹಿಡಿದದ್ದನ್ನು ನಾನು ಕಂಡದ್ದು ಧಾರೆಯ ದಿನ ಬಿಟ್ಟರೆ ಅವತ್ತೇ.

"ನಂಗ ಆಡು ಬ್ಯಾಡ ಕಣಮ್ಮಿ," ಎಂದ. "ನೀನು ಬೇಕು."

ಅವಳು ತಿರುಗಿ ವಾರ್ಡಿಗೆ ಹೋಗಿ ಮಂಚದ ಮೇಲೆ ಕೂತಳು.

ಜೀವ ಉಳಿಯಿತು. ಕುತ್ತಿಗೆಗೆ ಸರದ ಹಾಗೆ ಒಂದು ಗೆರೆ ಬಂತು. ದನಿ ಬರಲಿಲ್ಲ. ಬಾಯಿ ತೆರೆದರೆ ಒಣಗಿದ ಜೋಳದ ಗರಿಯಲ್ಲಿ ಗಾಳಿ ಆಡಿದಂಥ ಉಸಿರು ಮಾತ್ರ. ಕಾದು ನೋಡಿ ಎಂದಿದ್ದರು. ಯುಗಾದಿಗೆ ಬರುತ್ತದೆ, ಶ್ರಾವಣಕ್ಕೆ ಬರುತ್ತದೆ ಎಂದು ಕಾದೆವು. ಶ್ರಾವಣ ಬಂತು, ಹೋಯಿತು.

ಒಂದು ವಿಚಿತ್ರ ಹೇಳುತ್ತೇನೆ. ಪಿಸುಗುಟ್ಟುವವರ ಎದುರು ಮನುಷ್ಯ ತಾನೂ ಪಿಸುಗುಟ್ಟುತ್ತಾನೆ. ಅತ್ತಿಗೆಯ ಜೊತೆ ಮಾತಾಡುತ್ತಾ ಆಡುತ್ತಾ ನಮ್ಮ ಮನೆಯೆಲ್ಲ ಪಿಸುದನಿಗೆ ಇಳಿಯಿತು. ಹಾಲಿನವಳು ಬಾಗಿಲಲ್ಲಿ ನಿಂತು ಗುಟ್ಟು ಹೇಳುವಂತೆ ಹಾಲು ಎನ್ನುವಳು. ನಾನು ಶಾಲೆಯಲ್ಲಿ ಮಗ್ಗಿಯನ್ನು ಪಿಸುದನಿಯಲ್ಲಿ ಹೇಳಿಕೊಟ್ಟು ಹೆಡ್‌ಮಾಸ್ತರರಿಂದ ಬೈಸಿಕೊಂಡೆ. ಅವ್ವನಿಗೆ ಮಾತ್ರ ಇದರಿಂದ ದೊಡ್ಡ ಸಂಕಟ. ಅವಳಿಗೆ ಆಗಲೇ ಕಿವಿ ಮಂದ. ಸೊಸೆಯ ಉಸಿರು ಅವಳವರೆಗೆ ತಲುಪುತ್ತಲೇ ಇರಲಿಲ್ಲ. ಎಷ್ಟು ಕರೆದರೂ ಓಗೊಡುವುದಿಲ್ಲ ಎಂದು ಸಿಟ್ಟು ಮಾಡುವಳು, ಆಮೇಲೆ ನೆನಪಾಗಿ ಬಾಯಿಗೆ ಸೆರಗು ಇಟ್ಟುಕೊಳ್ಳುವಳು. ಸಂಜೆ ದೀಪ ಹಚ್ಚಿದ ಮೇಲಿನ ಹೊತ್ತನ್ನು ಏನು ಮಾಡಬೇಕೆಂದು ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಅತ್ತಿಗೆ ಆ ಹೊತ್ತಿಗೆ ಏನಾದರೂ ಕೆಲಸ ಹುಡುಕಿಕೊಂಡು ಹಿತ್ತಲಿಗೆ ಹೋಗುವಳು. ಅಣ್ಣ ಜಗಲಿಯ ಮೇಲೆ ಕೂರುವನು, ಅಭ್ಯಾಸ.

ಅಣ್ಣ ನೂಲಿನ ವ್ಯಾಪಾರಕ್ಕೆ ಮೈಸೂರಿಗೆ ಹೋಗಿದ್ದಾಗ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ರೇಡಿಯೋ ಕೇಳಿದನಂತೆ. ಯಾರೋ ಹೆಂಗಸು ಬಾಯಿ ಮುಚ್ಚಿಕೊಂಡು ಒಳಗೊಳಗೇ ಹಾಡಿಕೊಳ್ಳುತ್ತಿರುವ ಹಾಗಿತ್ತಂತೆ. ಕಾಫಿ ಆರುವವರೆಗೂ ಕೇಳಿ, ಹಾಡಿದ ತಾಯಿ ಯಾರು ಎಂದು ಗಲ್ಲಾದವರನ್ನು ಕೇಳಿದ್ದಾನೆ. ಅವರು ನಕ್ಕು, ತಾಯಿಯೂ ಇಲ್ಲ ತಂದೆಯೂ ಇಲ್ಲ, ಅದು ಮಡಿಲಲ್ಲಿಟ್ಟು ನುಡಿಸುವ ಗಿಟಾರು ಎಂದಿದ್ದಾರೆ. ಮುಂದಿನ ಸಲ ಹೋದವನು ಜಮಖಾನದಲ್ಲಿ ಸುತ್ತಿದ ಒಂದು ದೊಡ್ಡ ಗಂಟನ್ನು ತಂದ. ಬಸ್ಸಿನಲ್ಲಿ ಅದನ್ನು ಮೇಲೆ ಹಾಕಲು ಬಿಡದೆ ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದನಂತೆ. ನಡುಮನೆಯಲ್ಲಿ ಅತ್ತಿಗೆಯ ಮುಂದೆ ಬಿಚ್ಚಿ, ನೋಡು ಎಂದು ಹೇಳಿ, ತಕ್ಷಣ ಅಂಗಡಿಗೆ ಹೊರಟುಹೋದ.

ಅವಳು ನೋಡಿದಳು, ಮುಟ್ಟಲಿಲ್ಲ. ಇಡೀ ಮಳೆಗಾಲ ಅದು ಮೂಲೆಯಲ್ಲಿತ್ತು. ಅವ್ವ ಸ್ವಲ್ಪ ದಿನ ಅದರ ಮರ್ಯಾದೆ ಕಾಪಾಡಿ, ಆಮೇಲೆ ಅದರ ಮೇಲೆ ಮುತ್ತುಗದ ಎಲೆಯ ಕಟ್ಟು ಇಡಲು ಶುರುಮಾಡಿದಳು.

ಒಂದು ಭಾನುವಾರ ನನಗೇ ತಡೆಯದೆ ಎಲೆಯ ಕಟ್ಟು ಇಳಿಸಿ, ಗಿಟಾರನ್ನು ಮಡಿಲಿಗೆ ಎಳೆದುಕೊಂಡು, ಕಂಬಿಯನ್ನು ತಂತಿಗೆ ಬಲವಾಗಿ ಒತ್ತಿ ಎಳೆದೆ. ಎಣ್ಣೆ ಕಾಣದ ಗಾಡಿಯ ಅಚ್ಚು, ಕಾಲು ತುಳಿಸಿಕೊಂಡ ಬೆಕ್ಕು, ಎರಡೂ ಸೇರಿದಂಥ ಒಂದು ಶಬ್ದ. ಹಿತ್ತಲಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು. ಅತ್ತಿಗೆ ರಾಗಿಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದು ನನ್ನನ್ನು ನೋಡಿ ನಕ್ಕಳು. ಶಬ್ದವಿಲ್ಲದ ನಗು, ಭುಜಗಳು ಮಾತ್ರ ಅಲುಗುವುದು. ಆಪರೇಷನ್ ಆದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೆರಗಿಗೆ ಕೈ ಒರೆಸಿಕೊಂಡು, ಸರಿ ಎನ್ನುವಂತೆ ನನ್ನನ್ನು ಪಕ್ಕಕ್ಕೆ ತಳ್ಳಿ, ಕಂಬಿ ಹಿಡಿದು, ಒಂದು ತಂತಿಯನ್ನು ಮೀಟಿ, ಮೆಲ್ಲಗೆ ಮೇಲಕ್ಕೆ ಜಾರಿಸಿದಳು. ತಪ್ಪಿತು. ಇನ್ನೊಮ್ಮೆ ಜಾರಿಸಿದಳು. ಮೂರನೆಯ ಸಲವೋ ನಾಲ್ಕನೆಯ ಸಲವೋ ಅವಳು ಹಾಡುತ್ತಿದ್ದ ಒಂದು ವಚನದ ಮೊದಲ ಸಾಲು, ಅರ್ಧ ಸಾಲು, ಅದರಲ್ಲಿ ಬಂತು. ಬಿಸಿ ಪಾತ್ರೆ ಬಿಟ್ಟ ಹಾಗೆ ಕಂಬಿಯನ್ನು ಬಿಟ್ಟು ಒಳಗೆ ಹೋದಳು. ಅವತ್ತು ರೊಟ್ಟಿ ಮಾಡಿದವಳು ನಾನು. ಅದರ ವಿಷಯ ಬೇಡ.

ಮಾರನೆಯ ದಿನ ನಾನು ಬಸ್ಸಿಗೆ ಹೊರಟಾಗ ಬಾಗಿಲಲ್ಲಿ ಬಂದು ನನ್ನ ಕಿವಿಯ ಹತ್ತಿರ, ಇದನ್ನು ಹೇಳಿಕೊಡುವವರು ಯಾರಾದರೂ ಇದ್ದಾರೆಯೇ ವಿಚಾರಿಸು ಎಂದಳು.

ವಿಚಾರಿಸಿದೆ. ನನ್ನ ಶಾಲೆಯ ಡ್ರಿಲ್ ಮಾಸ್ತರಿಗೆ ಹನೂರಿನಲ್ಲಿ ಒಬ್ಬರು ಗೊತ್ತಿತ್ತು. ಆರೋಗ್ಯಸಾಮಿ ಮೇಷ್ಟ್ರು. ಮಾತಿನಲ್ಲಿ ಅರ್ಧ ತಮಿಳು ಅರ್ಧ ಕನ್ನಡ. ಹರೆಯದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸದಲ್ಲಿದ್ದು, ಅಲ್ಲಿನ ಕ್ಲಬ್ಬುಗಳಲ್ಲಿ ಈ ಗಿಟಾರು ನುಡಿಸುತ್ತಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಹನೂರಿಗೆ ಬಂದು ಒಬ್ಬರೇ ಇದ್ದರು. ಅಣ್ಣನನ್ನು ಕೇಳಿದೆವು, ಹೋಗಿಬನ್ನಿ ಎಂದ. ಹೀಗೆ ಭಾನುವಾರಗಳಲ್ಲಿ ನಾನೂ ಅತ್ತಿಗೆಯೂ ಗಿಟಾರನ್ನು ನಡುವೆ ಕೂರಿಸಿಕೊಂಡು ಹನೂರಿನ ಬಸ್ಸು ಹತ್ತುವುದು ಶುರುವಾಯಿತು.

ಅವ್ವ ಒಂದು ಷರತ್ತು ಹಾಕಿದ್ದಳು. ಪಾಠ ಕಲಿಯಿರಿ, ಅವರ ಮನೆಯಲ್ಲಿ ನೀರು ಕುಡಿಯಬೇಡಿ. ಅದಕ್ಕೆಂದೇ ಒಂದು ಕಂಚಿನ ಚೊಂಬಿನಲ್ಲಿ ನೀರು ತುಂಬಿ, ಬಟ್ಟೆ ಕಟ್ಟಿ ಕೊಡುವಳು. ನಾವು ಮೇಷ್ಟ್ರ ಮನೆಯಲ್ಲಿ ಅವರೇ ಮಾಡಿಕೊಟ್ಟ ಕಾಫಿ ಕುಡಿದು, ಬರುವಾಗ ಚೊಂಬಿನ ನೀರನ್ನು ಅವರ ಬಾಗಿಲ ನುಗ್ಗೆಗಿಡಕ್ಕೆ ಹಾಕುವೆವು. ಗಿಡ ಮರವಾಯಿತು. ಮೇಷ್ಟ್ರು ಕಾಯಿ ಕೊಟ್ಟು ಕಳಿಸಿದರೆ ಅವ್ವ ಸಾರು ಮಾಡಿ, ಹನೂರಿನ ನೀರಿನ ರುಚಿಯೇ ಬೇರೆ ಎನ್ನುವಳು.

ಮೇಷ್ಟ್ರು ಅತ್ತಿಗೆಯನ್ನು ಕಂಡು ಅಯ್ಯೋ ಪಾಪ ಎನ್ನಲಿಲ್ಲ. ಕುತ್ತಿಗೆಯ ಗೆರೆ ನೋಡಿದರು, ಅವಳ ಪಿಸುಮಾತನ್ನು ಕೇಳಿದರು, ಪಾಠ ಶುರುಮಾಡಿದರು. ಅವಳೂ ನನ್ನ ಹಾಗೆ ಮೊದಲು ಕಂಬಿಯನ್ನು ಒತ್ತುತ್ತಿದ್ದಳು. "ಅಮುಕ್‌ಬೇಡಮ್ಮಾ," ಎನ್ನುವರು, "ಜ್ವರ ಅದಾ ಅಂತ ಹಣೆ ಮುಟ್ಟಿ ನೋಡಲ್ವಾ, ಅಷ್ಟೇ. ಪೋದುಂ, ಸಾಕು." ತಂತಿಗಳನ್ನು ಅವಳ ಹಾಡುಗಳಿಗೆ ಹೊಂದುವ ಹಾಗೆ ಬೇರೆ ಶ್ರುತಿಗೆ ಏರಿಸಿಕೊಟ್ಟರು. ಕಂಬಿ ಜಾರುವಾಗ ಹಿಂದಿನಿಂದ ಉಳಿದ ಬೆರಳುಗಳಿಂದ ತಂತಿ ಸವರುತ್ತಾ ಬಂದರೆ ಗರಗರ ಶಬ್ದ ಸಾಯುತ್ತದೆ. ಸ್ವರದ ಮೇಲೆ ನಿಂತು ಮಣಿಕಟ್ಟನ್ನು ತುಸು ಅಲುಗಿಸಿದರೆ ಸ್ವರಕ್ಕೆ ಉಸಿರು ಬರುತ್ತದೆ. ಅತ್ತಿಗೆ ಬೇಗ ಕಲಿತಳು. ಯಾವ ಸ್ವರ ಎಲ್ಲಿದೆ ಎಂದು ಕೈ ಹುಡುಕುವ ಮೊದಲೇ ಅವಳ ಕಿವಿಗೆ ಗೊತ್ತಿರುತ್ತಿತ್ತು. ಮೇಷ್ಟ್ರು ಆಗಾಗ ತಮಗೆ ಬರುವ ಯಾವುದಾದರೂ ಗಣಿ ಕಾಲದ ಧಾಟಿ ಹೇಳಿಕೊಡಲು ಹೊರಟರೆ ಮಾತ್ರ ತಲೆ ಅಲ್ಲಾಡಿಸುವಳು. ಅವಳಿಗೆ ಬೇಕಿದ್ದದ್ದು ತನ್ನ ಹಾಡುಗಳು, ತಾನು ಹಾಡಿದ್ದವು. ಅವರು ಒತ್ತಾಯ ಮಾಡುತ್ತಿರಲಿಲ್ಲ.

ಕೊನೆಗೆ ಒಂದು ಸಂಜೆ ಅವಳು ಮನೆಯಲ್ಲಿ, ದೀಪ ಹಚ್ಚಿ, ಹಳೆಯ ಜಾಗದಲ್ಲೇ ಚಾಪೆ ಹಾಸಿ, ಗಿಟಾರನ್ನು ಮಡಿಲಿಗೆ ತೆಗೆದುಕೊಂಡಳು. ಮೊದಲು ಬಂದು ಕೂತವಳು ಅವ್ವ. ಏನೂ ಕೇಳಿಸದೆ ಸ್ವಲ್ಪ ಹೊತ್ತು ನಮ್ಮ ಮುಖ ನೋಡಿ, ಏನನ್ನಿಸಿತೋ, ಮುಂದೆ ಸರಿದು ಗಿಟಾರಿನ ಅಂಚಿಗೆ ತನ್ನ ಅಂಗೈ ಇಟ್ಟಳು. ಅವಳ ಮುಖ ನಿಧಾನವಾಗಿ ಬದಲಾದದ್ದನ್ನು ನಾನು ನೋಡಿದೆ. ಸೊಸೆಯ ಮಾತೊಂದೂ ಎಷ್ಟೋ ಕಾಲದಿಂದ ಮುಟ್ಟದ ಹೆಂಗಸಿಗೆ ಮರದ ಮೂಲಕ ಹಾಡು ಕೈಗೆ ಬಂದಿತ್ತು. ಅಲ್ಲಿಂದ ಮುಂದೆ ಸಂಜೆ ಅವಳ ಜಾಗ ಅದೇ, ಅವಳ ಕೈ ಅಲ್ಲೇ.

ಅಣ್ಣ ಅಂಗಡಿಯಿಂದ ಬಂದವನು ಜಗಲಿ ಹತ್ತಿದ. ನಾವೆಲ್ಲ ಅವನಿಗಾಗಿಯೇ ಕಾಯುತ್ತಿದ್ದೆವು. ಅವನು ಬಾಗಿಲಲ್ಲಿ ನಿಂತು ಒಂದು ಸಾಲು ಕೇಳಿದ, ಎರಡನೆಯ ಸಾಲಿಗೆ ತಿರುಗಿ ಇಳಿದು ಹೊರಟುಹೋದ. ಊಟದ ಹೊತ್ತಿಗೆ ಬಂದ. ಮಾರನೆಯ ದಿನವೂ ಹಾಗೆಯೇ. ಎಲ್ಲಿಗೂ ಹೋಗುತ್ತಿರಲಿಲ್ಲ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿರುತ್ತಿದ್ದ. ಅತ್ತಿಗೆ ನುಡಿಸುವುದನ್ನು ಬಿಡಲಿಲ್ಲ. ಅವ್ವ ಮಾತ್ರ ದಿನಾ ಗೊಣಗುವಳು: "ತಂದವ್ನೂ ಅವ್ನೇಯ, ಕೇಳ್ದೆ ಓಡೋಗವ್ನೂ ಅವ್ನೇಯ."

ಮಾಂಬಳ್ಳಿಯಲ್ಲಿ ಅತ್ತಿಗೆಯ ತಮ್ಮನ ಮದುವೆಯಾದಾಗ ಅಲ್ಲಿಯ ಹೆಂಗಸರು ಗಿಟಾರು ತರಲೇಬೇಕೆಂದರು. ಮೊದಲು ಎಲ್ಲರಿಗೂ ಸಂಕೋಚ. ಈ ಪೆಟ್ಟಿಗೆಯ ಜೊತೆ ಸೋಬಾನೆ ಹಾಡುವುದು ಹೇಗೆ? ಅತ್ತಿಗೆ ತಲೆ ಎತ್ತದೆ ಒಂದು ಸೋಬಾನೆಯ ಧಾಟಿ ಶುರುಮಾಡಿದಳು. ಅವಳ ದೊಡ್ಡಮ್ಮ ಒಬ್ಬಳು, ಪದ ನಾವು ಹೇಳೋಣ, ರಾಗ ಅವಳು ಹೇಳಲಿ ಎಂದು ದನಿ ಸೇರಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹಾಡಿದರು. ಅತ್ತಿಗೆಗೆ ಗಂಟಲಿದ್ದ ಕಾಲದಲ್ಲಿ ಸುಮ್ಮನೆ ಕೂತು ಕೇಳುತ್ತಿದ್ದವರೂ ಹಾಡಿದರು. ನಾನೂ ಹಾಡಿದೆ, ಮದುವೆಗೇನೂ ತೊಂದರೆಯಾಗಲಿಲ್ಲ. ಅಣ್ಣ? ಅಡುಗೆಯವರ ಒಲೆಯ ಹತ್ತಿರ ನಿಂತಿದ್ದ, ಚಪ್ಪರಕ್ಕೆ ಬೆನ್ನು ಮಾಡಿ.

ಕೊನೆಗೊಂದು ದಿನ ಯಳಂದೂರಿನಿಂದ ಬಂದವಳು ನೇರ ಅಂಗಡಿಯ ಹತ್ತಿರ ಇಳಿದೆ. ಅವನು ನೂಲಿನ ಲಡಿಗಳನ್ನು ಜೋಡಿಸುತ್ತಿದ್ದ. ಯಾಕಣ್ಣ ಹೀಗೆ ಮಾಡುತ್ತೀಯ, ಅವಳಿಗೆ ಹೇಗಾಗಬೇಡ ಎಂದು ಕೇಳಿದೆ. ಅವನು ಕೈಯಲ್ಲಿದ್ದ ಲಡಿಯನ್ನು ಸಾಲಿಗೆ ಸೇರಿಸಿದ.

"ಗಡ್ಡೆ ಕುಯ್ಸು ಅಂದವ್ನು ನಾನು ಕಣವ್ವ," ಎಂದ. "ಅವಳು ಬ್ಯಾಡ ಅಂದ್ಲು. ಈಗ ಆ ತಂತಿ ನುಡಿದ್ರ, ಅವಳೇ ಆಡ್ತಾವ್ಳ ಅನ್ನುಸ್ತದ. ಆಮೇಕ ಪದ ಬರಾಕಿಲ್ಲ. ಪದ ಬರ್ಬೇಕಾದ ಜಾಗ್ದಲ್ಲಿ ಬರೀ ತಂತಿ. ನಂಗ ಕೂರಾಕಾಗಲ್ಲ."

ನಾನು ಅದನ್ನು ಅತ್ತಿಗೆಗೆ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. ಅವಳ ಪಿಸುದನಿಗೆ ಬಹಳ ಹತ್ತಿರ ಬಾಗಬೇಕಾಗುತ್ತಿತ್ತು.

"ದನಿ ಓಯ್ತು ಅಂತ ನಾ ಅತ್ತು ಮುಗ್ಸಿ ಯಾವ ಕಾಲ ಆಯ್ತು," ಎಂದಳು. "ಅವ್ರು ಇನ್ನೂ ಮುಗ್ಸಿಲ್ಲ. ನಾ ಇದ ಬಾರ್ಸೋದು ಅವ್ರಿಗೆ ನೆಪ್ಪು ಮಾಡಕಲ್ಲ ಕಣವ್ವ. ನಂಗ ಇದು ಇಷ್ಟ."

ಆಮೇಲೆ ಎದ್ದು ಹೋಗಿ ಗಿಟಾರಿಗೆ ಜಮಖಾನ ಸುತ್ತಿ ಅಟ್ಟದ ಮೇಲಿಟ್ಟಳು. ಅವತ್ತಿನಿಂದ ನುಡಿಸಲಿಲ್ಲ. ಹನೂರಿಗೂ ಹೋಗಲಿಲ್ಲ. ಅಣ್ಣ ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದ. ಜಗಲಿಯ ಮೇಲೆ ಕೂರುವನು. ಯಾಕೆ ನಿಲ್ಲಿಸಿದಳು ಎಂದು ಅವನೂ ಕೇಳಲಿಲ್ಲ, ಯಾಕೆ ಹೋಗುತ್ತಿದ್ದಿರಿ ಎಂದು ಅವಳೂ ಕೇಳಲಿಲ್ಲ. ಅವ್ವ ಸಂಜೆ ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂರುವಳು. ಒಬ್ಬರಿಗಾಗಿ ಒಬ್ಬರು ಬಿಟ್ಟುಕೊಟ್ಟು, ಇಬ್ಬರೂ ಬಡವಾದ ಮನೆ ಅದು. ಹಾಗೆಯೇ ಬೇಸಿಗೆ ಬಂತು.

ಆ ಬೇಸಿಗೆಯಲ್ಲಿ ಹನೂರಿನ ಬಸ್ಸಿನ ಕಂಡಕ್ಟರು ಸುದ್ದಿ ತಂದ: ಮೇಷ್ಟ್ರಿಗೆ ಮೈ ಹುಷಾರಿಲ್ಲ, ಅಮ್ಮನವರನ್ನು ಗಿಟಾರಿನ ಸಮೇತ ಬರಹೇಳಿದ್ದಾರೆ. ಅತ್ತಿಗೆ ಏಣಿ ಹಾಕಿ ತಾನೇ ಅಟ್ಟ ಹತ್ತಿದಳು.

ಮೇಷ್ಟ್ರು ಹಗ್ಗದ ಮಂಚದ ಮೇಲೆ ಗೋಡೆಗೊರಗಿದ್ದರು. ಕಾಲು ಬಾತಿತ್ತು. ಅವರ ಸ್ವಂತ ಗಿಟಾರು ಪಕ್ಕದಲ್ಲಿದ್ದರೂ ಮಡಿಲಿಗೆ ಎತ್ತಿಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಊಟ, ಔಷಧಿ ಎಂದು ನಾನು ವಿಚಾರಿಸತೊಡಗಿದರೆ ಕೈ ಎತ್ತಿ ನಿಲ್ಲಿಸಿ, ಅತ್ತಿಗೆಯನ್ನು ಕೂರಲು ಹೇಳಿದರು. ಅವಳು ಏನು ನುಡಿಸಲಿ ಎಂಬಂತೆ ನೋಡಿದಳು.

"ನಿನ್ದು ಎಲ್ಲಾ ಕೇಳಿದೀನಮ್ಮಾ," ಎಂದರು. "ಈಗ ನನ್ದು ಒಂದು ತಗೋ. ನಾ ಹೋದ್ರೆ ಇದು ಇರೋ ಜಾಗ ಇಲ್ಲ."

ಅದು ಅವರು ಗಣಿಯಲ್ಲಿದ್ದಾಗ ಒಬ್ಬ ಇಂಗ್ಲಿಷ್ ದೊರೆಯ ಮನೆಯ ಗ್ರಾಮಫೋನಿನಿಂದ ಕಿವಿಯಲ್ಲಿ ಹಿಡಿದು ತಂದ ಒಂದು ಧಾಟಿ. ಆ ಹವಾಯಿ ದ್ವೀಪಗಳ ಕಡೆಯದಂತೆ. ಅದಕ್ಕೆ ಅಲ್ಲಿಯವರ ಮಾತಿನಲ್ಲಿ ಪದಗಳಿದ್ದವೋ ಏನೋ, ಅವರಿಗೆ ಗೊತ್ತಿಲ್ಲ. ಹೆಂಡತಿ ಇದ್ದಾಗ ಅವಳಿಗೆ ಇದೇ ನುಡಿಸುತ್ತಿದ್ದರಂತೆ. ಅವರು ಬಾಯಲ್ಲಿ ಗುನುಗಿದರು, ಗಾಳಿಯಲ್ಲಿ ಕೈ ಜಾರಿಸಿ ತೋರಿಸಿದರು. ಅತ್ತಿಗೆ ಹಿಂದಿನ ಹಾಗೆ ತಲೆ ಅಲ್ಲಾಡಿಸಲಿಲ್ಲ. ಆ ಮಧ್ಯಾಹ್ನವೆಲ್ಲ ಅದನ್ನೇ ಹಿಡಿದು ಕೂತಳು. ನಮ್ಮ ರಾಗಗಳ ಹಾಗೆ ಸುತ್ತಿ ಸುತ್ತಿ ಹೋಗುವಂಥದಲ್ಲ. ಉದ್ದನೆಯ ಸ್ವರಗಳು, ಒಂದು ಎದ್ದು ನಿಧಾನವಾಗಿ ಬಾಗುವುದು, ಅದು ಮುಗಿಯುವ ಮೊದಲೇ ಇನ್ನೊಂದು ಏಳುವುದು. ಎರಡು ತಂತಿ ಒಟ್ಟಿಗೆ ನುಡಿಯುವ ಕಡೆ ಕಂಬಿಯನ್ನು ಓರೆ ಹಿಡಿಯಬೇಕು. ಅಲ್ಲಿ ಅವಳಿಗೆ ಮತ್ತೆ ಮತ್ತೆ ತಪ್ಪಿತು. ಬಿಸಿಲು ಇಳಿಯುವ ಹೊತ್ತಿಗೆ ತಪ್ಪಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. ಕಾಫಿ ಮಾಡಿಕೊಡಲಾಗಲಿಲ್ಲ ಎಂದು ಬೇಸರ ಮಾಡಿಕೊಂಡರು. ನಾವು ಬರುವಾಗ ಚೊಂಬಿನ ನೀರನ್ನು ಅವರಿಗೇ ಕುಡಿಸಿ ಬಂದೆವು.

ಅವರು ಹೋದ ಸುದ್ದಿ ಮುಂದಿನ ವಾರ ಅದೇ ಬಸ್ಸಿನಲ್ಲಿ ಬಂತು. ಅತ್ತಿಗೆ ಸ್ನಾನ ಮಾಡಿ, ದೀಪ ಹಚ್ಚಿ, ಚಾಪೆ ಹಾಸಿ ಕೂತಳು. ಅವ್ವ ಯಾರೂ ಕರೆಯದೆಯೇ ಬಂದು ಗಿಟಾರಿನ ಅಂಚಿಗೆ ಕೈ ಇಟ್ಟಳು. ಅತ್ತಿಗೆ ಆ ದ್ವೀಪದ ಧಾಟಿಯನ್ನು ಶುರುಮಾಡಿದಳು.

ಅಣ್ಣ ಆಗಲೇ ಜಗಲಿಯ ಮೇಲಿದ್ದ. ತಂತಿಯ ಮೊದಲ ಸ್ವರಕ್ಕೆ ಅವನು ಎದ್ದದ್ದು ನನಗೆ ಬಾಗಿಲಿನಿಂದ ಕಾಣಿಸಿತು. ಎದ್ದವನು ನಿಂತ. ನಾನು ಹೋಗುತ್ತಾನೆ ಎಂದುಕೊಂಡೆ. ಅವನು ಹೊಸ್ತಿಲವರೆಗೆ ಬಂದು, ತಲೆ ಸ್ವಲ್ಪ ಓರೆ ಮಾಡಿ ಕೇಳಿದ, ಯಾರೋ ಗೊತ್ತಿಲ್ಲದವರು ಮನೆಗೆ ಬಂದು ಮಾತಾಡುತ್ತಿರುವುದನ್ನು ಕೇಳುವ ಹಾಗೆ. ಅದರಲ್ಲಿ ಅವನು ಕಾಯಬೇಕಾದ ಪದವೇ ಇರಲಿಲ್ಲ. ಒಳಗೆ ಬಂದ. ಕಂಬಕ್ಕೆ ಒರಗಿ ನೆಲದ ಮೇಲೆ ಕೂತ. ಅತ್ತಿಗೆ ತಲೆ ಎತ್ತಲಿಲ್ಲ. ಕಂಬಿ ಓರೆ ಹಿಡಿಯುವ ಕಡೆ ಬಂದಾಗ ಅವಳ ತುಟಿ ಬಿಗಿದದ್ದು ಮಾತ್ರ ನೋಡಿದೆ. ತಪ್ಪಲಿಲ್ಲ. ಮುಗಿದ ಮೇಲೆ ತಂತಿಗಳ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು.

"ಇದು ಯಾವುದು?" ಎಂದ ಅಣ್ಣ. "ನೀ ಆಡಿದ್ದಲ್ಲ."

ಅವಳು ಅಲ್ಲ ಎಂದು ತಲೆಯಾಡಿಸಿದಳು. ಪಿಸುದನಿಯಲ್ಲಿ ಏನೋ ಹೇಳಿದಳು. ಅವನು ಮುಂದಕ್ಕೆ ಸರಿದು ಕಿವಿ ಕೊಟ್ಟ. ಮೇಷ್ಟ್ರದು, ಎಂದಿರಬೇಕು.

"ಇನ್ನೊಂದ್ಸಲ ಬಾರ್ಸು," ಎಂದ.

ಅವಳು ಇನ್ನೊಮ್ಮೆ ನುಡಿಸಿದಳು. ಅದು ಮುಗಿದಾಗ ಈ ಸಲ ತಂತಿಗಳನ್ನು ನಿಲ್ಲಿಸಲಿಲ್ಲ. ಕೊನೆಯ ಸ್ವರ ಇನ್ನೂ ನುಡಿಯುತ್ತಿದ್ದಂತೆಯೇ ಕಂಬಿಯನ್ನು ಅಲ್ಲಿಂದ ಮೆಲ್ಲಗೆ ಕೆಳಕ್ಕೆ ತಂದು, ಯಾರನ್ನೂ ಕೇಳದೆ, ತಾನು ದಿನಾ ಹಾಡುತ್ತಿದ್ದ ವಚನದ ಧಾಟಿಗೆ ಇಳಿದಳು. ಅಣ್ಣನ ಕೈ ಹಿಂದಿನ ಕಂಬವನ್ನು ಹಿಡಿದುಕೊಂಡಿತು. ಮೊದಲ ಸಾಲು ಹೋಯಿತು, ಎರಡನೆಯ ಸಾಲು ಬಂತು. ಅವನು ಏಳಲಿಲ್ಲ.